ಅಮೆರಿಕದಲ್ಲಿ ಫಿಸಿಷಿಯನ್ ಅಸಿಸ್ಟೆಂಟ್ ವ್ಯಾಸಂಗ: ಬದಲಾದ ಸಾಲ ನಿಯಮ ಮತ್ತು ಅರ್ಜಿದಾರರ ಪೂರ್ವಸಿದ್ಧತೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವೈದ್ಯರೊಂದಿಗೆ ಕಾರ್ಯನಿರ್ವಹಿಸುತ್ತ ರೋಗಿಗಳನ್ನು ಪರೀಕ್ಷಿಸುವ, ರೋಗನಿರ್ಣಯ ಮಾಡುವ ಹಾಗೂ ಔಷಧಿ ಬರೆದುಕೊಡುವ ವೃತ್ತಿಪರರನ್ನು ಫಿಸಿಷಿಯನ್ ಅಸಿಸ್ಟೆಂಟ್, ಸಂಕ್ಷಿಪ್ತವಾಗಿ ಪಿ.ಎ., ಎಂದು ಕರೆಯಲಾಗುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳ ಯುವಜನರು ಹಾಗೂ ಕರ್ನಾಟಕದಲ್ಲಿ ಪದವಿ ಪಡೆದು ಅಲ್ಲಿಗೆ ತೆರಳಿದವರ ಪೈಕಿ ಈ ವ್ಯಾಸಂಗಕ್ಕೆ ಅರ್ಜಿ ಸಲ್ಲಿಸಬಯಸುವವರ ಮಾಹಿತಿಗಾಗಿ ಈ ಲೇಖನವನ್ನು ಪ್ರಕಟಿಸಲಾಗಿದೆ. 2025ರಲ್ಲಿ ಅಮೆರಿಕದ ಶಿಕ್ಷಣ ಸಾಲದ ಕಾಯ್ದೆ ಬದಲಾದ ನಂತರ, ಅರ್ಜಿಯನ್ನು ಹೇಗೆ ಬರೆಯಬೇಕೆಂಬ ಪ್ರಶ್ನೆಯಷ್ಟೇ ಯಾವ ಶಾಲೆಗೆ ಸಲ್ಲಿಸಬೇಕೆಂಬ ಪ್ರಶ್ನೆಯೂ ಮುಖ್ಯವಾಗಿದೆ.

ಮೊದಲಿಗೆ ಅರ್ಹತೆಯ ವಿಚಾರ. ಭಾರತದಲ್ಲಿಯೂ ಇದೇ ಹೆಸರಿನ ಪದವಿ ವ್ಯಾಸಂಗಗಳಿದ್ದು, 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯಸೇವಾ ವೃತ್ತಿಗಳ ಆಯೋಗ ಕಾಯ್ದೆಯ ಅನುಸೂಚಿಯಲ್ಲಿ ಫಿಸಿಷಿಯನ್ ಅಸೋಸಿಯೇಟ್ ವೃತ್ತಿಯನ್ನು ಸೇರಿಸಲಾಗಿದೆ. ಆದರೆ ಅಮೆರಿಕದ ರಾಷ್ಟ್ರೀಯ ಪ್ರಮಾಣೀಕರಣ ಪರೀಕ್ಷೆಗೆ ಕುಳಿತುಕೊಳ್ಳಲು ಎಆರ್‌ಸಿ-ಪಿಎ ಎಂಬ ಅಲ್ಲಿನ ಸಂಸ್ಥೆಯಿಂದ ಮಾನ್ಯತೆ ಪಡೆದ ಶಾಲೆಯಲ್ಲಿಯೇ ವ್ಯಾಸಂಗ ಪೂರೈಸಿರತಕ್ಕದ್ದು. ಆದುದರಿಂದ ಇಲ್ಲಿನ ಪಿ.ಎ. ಪದವೀಧರರಾಗಲಿ ಎಂ.ಬಿ.ಬಿ.ಎಸ್. ಪದವೀಧರರಾಗಲಿ ನೇರವಾಗಿ ಆ ಪರೀಕ್ಷೆ ಬರೆಯಲಾಗದು. ಅವರೂ ಶಾಲೆಗೆ ಪ್ರವೇಶ ಪಡೆಯಲೇಬೇಕು. ಕೆಲವು ಶಾಲೆಗಳು ಅಮೆರಿಕದ ಪೌರರು ಮತ್ತು ಖಾಯಂ ನಿವಾಸಿಗಳನ್ನು ಮಾತ್ರ ಪರಿಗಣಿಸುತ್ತವೆ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಮುಂತಾದ ಪೂರ್ವಾಪೇಕ್ಷಿತ ವಿಷಯಗಳನ್ನು ಅಮೆರಿಕದ ಕಾಲೇಜಿನಲ್ಲಿಯೇ ಓದಿರಬೇಕೆಂದು ವಿಧಿಸುವ ಶಾಲೆಗಳೂ ಇವೆ. ಇದನ್ನು ಪರಿಶೀಲಿಸದೆ ಶುಲ್ಕ ಪಾವತಿಸಿದಲ್ಲಿ ಹಣದೊಂದಿಗೆ ಒಂದು ವರ್ಷವೂ ವ್ಯರ್ಥವಾಗುವುದು.

ಅರ್ಜಿಯಲ್ಲಿ ಅತ್ಯಂತ ತೂಕವುಳ್ಳ ಭಾಗಗಳಲ್ಲಿ ರೋಗಿಗಳ ಆರೈಕೆಯ ಅನುಭವವೂ ಒಂದು. ಇದಕ್ಕೆ ಕಾರಣ ವೃತ್ತಿಯ ಹುಟ್ಟಿನಲ್ಲಿಯೇ ಇದೆ. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜೀನ್ ಸ್ಟೆಡ್ ಅವರು ಮೊದಲ ಪಿ.ಎ. ತರಗತಿಗೆ ಆಯ್ದುಕೊಂಡದ್ದು ನೌಕಾಪಡೆಯಲ್ಲಿ ವೈದ್ಯಕೀಯ ಸೇವೆ ಸಲ್ಲಿಸಿದ್ದ ನಾಲ್ವರನ್ನು. ಅವರಲ್ಲಿ ಮೂವರು 1967ರಲ್ಲಿ ತೇರ್ಗಡೆಯಾದರು. ರೋಗಿಯ ಹಾಸಿಗೆಯ ಬಳಿ ಈಗಾಗಲೇ ನಿಂತು ಬಂದವನಿಗೆ ಶಾಸ್ತ್ರವನ್ನು ಕಲಿಸುವುದು ಈ ಪದ್ಧತಿಯ ಮೂಲ ಕಲ್ಪನೆಯಾಗಿತ್ತು. ಇಂದಿಗೂ ಸುಮಾರು 27 ತಿಂಗಳ ವ್ಯಾಸಂಗದಲ್ಲಿ ತರಗತಿಯ ಪಾಠ ಮುಗಿದೊಡನೆ ವಿದ್ಯಾರ್ಥಿಯನ್ನು ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ಕೆಲವು ಶಾಲೆಗಳು 500 ಅಥವಾ 1000 ಗಂಟೆ, ಇನ್ನು ಕೆಲವು 2000 ಗಂಟೆಗಳ ಅನುಭವವನ್ನು ಬಯಸುತ್ತವೆ. ಆಂಬ್ಯುಲೆನ್ಸ್ ತುರ್ತುಸೇವಾ ಸಿಬ್ಬಂದಿ, ನರ್ಸಿಂಗ್ ಸಹಾಯಕ, ಮೆಡಿಕಲ್ ಅಸಿಸ್ಟೆಂಟ್ ಮುಂತಾದ ಹುದ್ದೆಗಳ ಸೇವೆಯು ಸಾಮಾನ್ಯವಾಗಿ ಪರಿಗಣನೆಗೆ ಬರುತ್ತದೆ. ಆಸ್ಪತ್ರೆಯ ಸ್ವಾಗತ ಮೇಜಿನ ಕೆಲಸ ಆರೋಗ್ಯ ಕ್ಷೇತ್ರದ ಅನುಭವವೆನಿಸುವುದೇ ಹೊರತು ರೋಗಿಗಳ ಆರೈಕೆಯಲ್ಲ. ಅರ್ಜಿಯಲ್ಲಿ ಇವೆರಡಕ್ಕೂ ಪ್ರತ್ಯೇಕ ಅಂಕಣಗಳಿವೆ. ವೈದ್ಯರ ಮಾತನ್ನು ದಾಖಲಿಸುವ ಸ್ಕ್ರೈಬ್ ಕೆಲಸವನ್ನು ಒಂದೊಂದು ಶಾಲೆ ಒಂದೊಂದು ರೀತಿ ಎಣಿಸುತ್ತದೆ. ಗಂಟೆಗಳ ಮೊತ್ತಕ್ಕಿಂತ ಆ ಗಂಟೆಗಳಲ್ಲಿ ಅರ್ಜಿದಾರರ ಹೊಣೆ ಏನಿತ್ತೆಂಬುದನ್ನು ಸ್ಪಷ್ಟವಾಗಿ ಬರೆಯುವುದು ಹೆಚ್ಚು ಪ್ರಯೋಜನಕಾರಿ.

ಬಹುತೇಕ ಶಾಲೆಗಳು ಕ್ಯಾಸ್ಪಾ ಎಂಬ ಕೇಂದ್ರೀಕೃತ ವ್ಯವಸ್ಥೆಯ ಮೂಲಕ ಅರ್ಜಿ ಸ್ವೀಕರಿಸುತ್ತವೆ. ಪುನಃ ಬರೆದು ಉತ್ತಮ ಅಂಕ ಪಡೆದ ವಿಷಯದಲ್ಲಿ ಹಳೆಯ ಅಂಕವನ್ನು ಈ ವ್ಯವಸ್ಥೆಯು ಕೈಬಿಡುವುದಿಲ್ಲ. ಎಲ್ಲ ಪ್ರಯತ್ನಗಳನ್ನೂ ಸೇರಿಸಿ ಸರಾಸರಿ ತೆಗೆಯಲಾಗುತ್ತದೆ. ಉದ್ದೇಶ ನಿರೂಪಣೆಗೆ 5000 ಅಕ್ಷರಗಳ ಮಿತಿ ಇದೆ. ಬಾಲ್ಯದ ಕನಸಿನ ವರ್ಣನೆಗೆ ಅಲ್ಲಿ ಸ್ಥಳ ವ್ಯಯಿಸುವುದು ಸೂಕ್ತವಲ್ಲ. ವೈದ್ಯರಾಗಲಿ ನರ್ಸ್ ಆಗಲಿ ಆಗದೆ ಪಿ.ಎ. ಏಕೆ ಎಂಬ ಪ್ರಶ್ನೆಗೆ ಉತ್ತರ ಅಲ್ಲಿರಬೇಕು, ಮತ್ತು ಪಿ.ಎ. ಒಬ್ಬರು ಕೆಲಸ ಮಾಡುವುದನ್ನು ಹತ್ತಿರದಿಂದ ಕಂಡವರಿಗೆ ಮಾತ್ರ ಆ ಉತ್ತರ ಬರೆಯಲು ಸಾಧ್ಯ.

ಇನ್ನು ಸಾಲದ ವಿಚಾರ. 2025ರ ಜುಲೈ 4ರಂದು ಸಹಿಯಾದ ಕಾಯ್ದೆಯು ವ್ಯಾಸಂಗದ ಸಂಪೂರ್ಣ ವೆಚ್ಚದವರೆಗೂ ಸಾಲ ದೊರೆಯುತ್ತಿದ್ದ ಗ್ರ್ಯಾಡ್ ಪ್ಲಸ್ ಯೋಜನೆಯನ್ನು 2026ರ ಜುಲೈ 1ರಿಂದ ಹೊಸ ಸಾಲಗಾರರಿಗೆ ನಿಲ್ಲಿಸಿತು. ಅದರಂತೆ 'ವೃತ್ತಿಪರ' ವ್ಯಾಸಂಗಗಳಿಗೆ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್. ಇತರ ಸ್ನಾತಕೋತ್ತರ ವ್ಯಾಸಂಗಗಳಿಗೆ ವರ್ಷಕ್ಕೆ 20,500 ಡಾಲರ್, ಒಟ್ಟು 1 ಲಕ್ಷ ಡಾಲರ್ ಮಿತಿ. 2025ರ ನವೆಂಬರ್‌ನಲ್ಲಿ ನಿಯಮ ರಚನಾ ಸಮಿತಿ ಒಪ್ಪಿದ ಕರಡಿನ 'ವೃತ್ತಿಪರ' ಪಟ್ಟಿಯಲ್ಲಿ ವೈದ್ಯ, ದಂತವೈದ್ಯ ಪದವಿಗಳಿದ್ದವು, ಪಿ.ಎ. ಇರಲಿಲ್ಲ. ಕಡಿಮೆ ಮಿತಿಯ ಲೆಕ್ಕದಲ್ಲಿ ಎರಡು ವರ್ಷಕ್ಕೆ ದೊರೆಯುವುದು 41,000 ಡಾಲರ್. ಮೂರನೆಯ ಶೈಕ್ಷಣಿಕ ವರ್ಷ ಸೇರಿದರೂ 61,500 ಡಾಲರ್ ಮೀರದು. ಹಲವು ಖಾಸಗಿ ಶಾಲೆಗಳಲ್ಲಿ ಬೋಧನಾ ಶುಲ್ಕವೇ 1 ಲಕ್ಷ ಡಾಲರ್ ದಾಟುತ್ತದೆ, ವ್ಯಾಸಂಗದ ಅವಧಿಯಲ್ಲಿ ದುಡಿಯಲು ಅವಕಾಶ ನೀಡದ ಶಾಲೆಗಳೂ ಅನೇಕ. ಉಳಿದ ಮೊತ್ತಕ್ಕೆ ಖಾಸಗಿ ಸಾಲವೇ ಗತಿಯಾದಲ್ಲಿ ಬಡ್ಡಿ ದರ ಅರ್ಜಿದಾರರ ಅಥವಾ ಜಾಮೀನುದಾರರ ಸಾಲದ ಇತಿಹಾಸವನ್ನು ಅವಲಂಬಿಸುತ್ತದೆ. ಹೊಸದಾಗಿ ವಲಸೆ ಹೋದ ಕುಟುಂಬಗಳಿಗೆ ತೊಡಕಾಗುವುದು ಇಲ್ಲಿಯೇ. ವಿದ್ಯಾರ್ಥಿ ವೀಸಾದಾರರಿಗೆ ಕೇಂದ್ರ ಸರ್ಕಾರದ ಸಾಲ ಮೊದಲಿನಿಂದಲೂ ಇಲ್ಲ. ಆದ ಕಾರಣ ತಮ್ಮ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳ ಶಾಲೆಗಳನ್ನು ಪಟ್ಟಿಯ ಮೊದಲಲ್ಲಿ ಇರಿಸಿಕೊಳ್ಳುವುದು ವಿವೇಕಯುತ, ಅಲ್ಲಿ ಸ್ಪರ್ಧೆ ತೀವ್ರವಾಗಿದ್ದರೂ ಸಹ.

ಪ್ರತಿಯೊಂದು ಶಾಲೆಯೂ ತನ್ನ ವಿದ್ಯಾರ್ಥಿಗಳ ಪ್ರಮಾಣೀಕರಣ ಪರೀಕ್ಷೆಯ ಫಲಿತಾಂಶವನ್ನೂ ಅರ್ಧದಲ್ಲಿ ಬಿಟ್ಟವರ ಪ್ರಮಾಣವನ್ನೂ ತನ್ನ ಜಾಲತಾಣದಲ್ಲಿ ಪ್ರಕಟಿಸತಕ್ಕದ್ದು. ಮಾನ್ಯತೆಯು ತಾತ್ಕಾಲಿಕವೇ, ಮುಂದುವರಿದದ್ದೇ ಅಥವಾ ಪರೀಕ್ಷಾರ್ಥ ನಿಗಾವಣೆಯಲ್ಲಿದೆಯೇ ಎಂಬುದನ್ನು ಎಆರ್‌ಸಿ-ಪಿಎ ಜಾಲತಾಣದಲ್ಲಿ ನೋಡಬಹುದು.

ಕ್ಯಾಸ್ಪಾ ಪ್ರತಿ ವರ್ಷ ಏಪ್ರಿಲ್ ಕೊನೆಯ ಭಾಗದಲ್ಲಿ ತೆರೆಯುತ್ತದೆ, ಹಾಗೂ ಅನೇಕ ಶಾಲೆಗಳು ಅರ್ಜಿಗಳು ಬಂದಂತೆಯೇ ಸಂದರ್ಶನಕ್ಕೆ ಕರೆಯುವುದರಿಂದ ಅಂತಿಮ ದಿನಾಂಕದವರೆಗೆ ಕಾಯುವುದು ಹಿತವಲ್ಲ. ಕರ್ನಾಟಕದ ವಿಶ್ವವಿದ್ಯಾಲಯಗಳ ಪದವೀಧರರು ವಿಷಯವಾರು ಅಂಕಪಟ್ಟಿಯ ಮೌಲ್ಯಮಾಪನ ಮಾಡಿಸಬೇಕಾಗಿದ್ದು, ದಾಖಲೆಗಳು ವಿಶ್ವವಿದ್ಯಾಲಯದಿಂದಲೇ ಮೌಲ್ಯಮಾಪನ ಸಂಸ್ಥೆಗೆ ತಲುಪಬೇಕಾಗುವುದರಿಂದ, ಅರ್ಜಿ ಸಲ್ಲಿಸುವ ಹಿಂದಿನ ವರ್ಷದಲ್ಲಿಯೇ ಅಂಕಪಟ್ಟಿಗಾಗಿ ಕೋರಿಕೆ ಸಲ್ಲಿಸುವುದು.