ಹಳೇ ಜರ್ಮನಿ ಕಾರು ಅಗ್ಗ, ಅದರ ಸಾಮಾನು ಅಗ್ಗ ಅಲ್ಲ

ಈ ಸಲ ರಾಗಿ, ಹಿಪ್ಪುನೇರಳೆ ವಿಷಯ ಇಲ್ಲ. ಒಂದೇ ಪ್ರಶ್ನೆನ ಮೂರ್ನಾಲ್ಕು ಜನ ಕೇಳಿದ್ರು, ಒಬ್ಬೊಬ್ಬರಿಗೂ ಫೋನಲ್ಲಿ ಹೇಳೋ ಬದಲು ಇಲ್ಲೇ ಬರೀತಿದ್ದೀನಿ. "ಅಣ್ಣ, 12 ವರ್ಷದ ಜರ್ಮನಿ ಕಾರು 8 ಲಕ್ಷಕ್ಕೆ ಸಿಗ್ತಾ ಇದೆ. ಹೊಸ ಸ್ವಿಫ್ಟ್ ರೇಟಿಗೇ ಬಂತಲ್ಲ, ತಗೊಳ್ಳೋದಾ?"

ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಜಮೀನಿನ ಪರಿಹಾರದ ದುಡ್ಡು ಬಂದ ಮನೆಗಳಲ್ಲಿ ಈ ಮಾತು ಜಾಸ್ತಿ. ಆಸೆ ಪಡೋದು ತಪ್ಪು ಅಂತ ನಾನು ಹೇಳಲ್ಲ. ಎತ್ತಿನ ಗಾಡೀಲಿ ಓಡಾಡಿದವರ ಮಕ್ಕಳು ಬೆಂಜ್ ಕಾರಲ್ಲಿ ಕೂತ್ರೆ ಯಾರಿಗೇನು ನಷ್ಟ? ಆದ್ರೆ ಕಾರಿನ ಬೆಲೆಯ ಅರ್ಧದಷ್ಟು ದುಡ್ಡನ್ನ ರಿಪೇರಿಗೇ ಅಂತ ಬೇರೆ ಎತ್ತಿಡೋಕೆ ಆಗಲ್ಲ ಅನ್ನೋರು ಆ ಕಾರನ್ನ ಮನೆ ಮುಂದೆ ತರಬೇಡಿ. ಇದು ನನ್ನ ಖಡಾಖಂಡಿತ ಅಭಿಪ್ರಾಯ. ಹೊಟ್ಟೆಕಿಚ್ಚು ಅಂತ ಬೇಕಾದ್ರೂ ಅಂದ್ಕೊಳ್ಳಿ.

ಐವತ್ತು ಲಕ್ಷದ ಕಾರು ಹಳೇದಾಗಿ 8 ಲಕ್ಷಕ್ಕೆ ಇಳಿಯುತ್ತೆ. ಅದರ ಸಾಮಾನಿನ ರೇಟು ಮಾತ್ರ ಇಳಿಯಲ್ಲ, ಐವತ್ತು ಲಕ್ಷದ ಕಾರಿಂದೇ ಇರುತ್ತೆ. ಲೆಕ್ಕ ಇಷ್ಟೇ, ಆದ್ರೆ ಮಾರೋನು ಇದನ್ನ ಹೇಳಲ್ಲ.

ನನ್ನ ಅಕ್ಕನ ಮಗ ಇಂಥದ್ದೊಂದು ತಂದ, ಏಳೂವರೆ ಲಕ್ಷಕ್ಕೆ. ಯಾವ ಕಂಪನಿ ಅಂತ ಬೇಡ. 14 ತಿಂಗಳ ಬಿಲ್ಲುಗಳನ್ನ ಇಬ್ಬರೂ ಕೂತು ಕೂಡಿಸಿದ್ವಿ. ಗೇರ್‌ಬಾಕ್ಸ್ ಆಯಿಲ್, ಫಿಲ್ಟರ್ 48,000. ಮುಂದಿನ ಆರ್ಮು, ಬುಷ್ 62,000. ಬ್ಯಾಟರಿ 24,000, ನಾಲ್ಕು ಟೈರು 76,000. ಆಮೇಲೆ ಟರ್ಬೊ 1,10,000, ಎಸಿ ಕಂಪ್ರೆಸರ್ 60,000. ಒಟ್ಟು 3,80,000. ಇದೆಲ್ಲ ಬೆಂಗಳೂರಲ್ಲಿ ಹೊರಗಿನ ಗ್ಯಾರೇಜಲ್ಲಿ ಮಾಡಿಸಿದ್ದು, ಶೋರೂಮಿಗೆ ಬಿಟ್ಟಿದ್ದಲ್ಲ. ಆಕ್ಸಿಡೆಂಟೂ ಆಗಿರಲಿಲ್ಲ, ಎಲ್ಲಾ ವಯಸ್ಸಿನ ಕಾಯಿಲೆಗಳೇ.

ದುಡ್ಡಿಗಿಂತ ನನಗೆ ಬೇಜಾರಾಗಿದ್ದು ಬೇರೆ. ಟರ್ಬೊ ಹೋದ ತಿಂಗಳೇ ಅವನ ಬೋರಿನ ಮೋಟರೂ ಸುಟ್ಟಿತ್ತು. ಕೈಲಿದ್ದ ದುಡ್ಡಿಗೆ ಎರಡರಲ್ಲಿ ಒಂದು ಮಾತ್ರ ಆಗ್ತಿತ್ತು. ಅವನು ಮಾಡಿಸಿದ್ದು ಕಾರನ್ನ, ಯಾಕಂದ್ರೆ ಅದು ನಾಲ್ಕು ಜನರ ಕಣ್ಣೆದುರು ನಿಂತಿತ್ತು. ಬೋರು ತೋಟದೊಳಗೆ ಇರುತ್ತೆ, ಯಾರು ನೋಡ್ತಾರೆ? ಸೊಪ್ಪು ಒಣಗಿ ಒಂದು ಬೆಳೆ ಹುಳಾನೇ ಕಟ್ಟಲಿಲ್ಲ. ನಮಗೆ ಡೈರಿ ಬಟವಾಡೆ ಬಿಟ್ರೆ ಗೂಡು ಮಾರಿದಾಗ ದುಡ್ಡು, ರಾಗಿ ಮಾರಿದಾಗ ದುಡ್ಡು. ಸಂಬಳದೋರ ಥರ ಒಂದನೇ ತಾರೀಖು ಅನ್ನೋದಿಲ್ಲ. ಕಾರಿನ ಕಾಯಿಲೆ ಗೂಡು ಮಾರೋ ತನಕ ಕಾಯಲ್ಲ.

ಇನ್ನು ಎಲ್ಲಾ ಮೆಕ್ಯಾನಿಕ್‌ಗಳಿಗೂ ಗೊತ್ತಿರೋ ಕಾಯಿಲೆಗಳು. ಬಿಎಂಡಬ್ಲ್ಯು 320ಡಿ, 520ಡಿಗಳಲ್ಲಿ ಬಂದ ಎನ್47 ಅನ್ನೋ ಡೀಸೆಲ್ ಇಂಜಿನ್ನಿಗೆ ಟೈಮಿಂಗ್ ಚೈನ್ ಇರೋದು ಹಿಂದುಗಡೆ, ಗೇರ್‌ಬಾಕ್ಸ್ ಪಕ್ಕ. ಚೈನ್ ಸವೆದ್ರೆ ಆ ಕಡೆಯಿಂದ ಗರಗರ ಸದ್ದು ಬರುತ್ತೆ. ಬದಲಾಯಿಸಬೇಕಂದ್ರೆ ಇಂಜಿನ್ನೋ ಗೇರ್‌ಬಾಕ್ಸೋ ಕೆಳಗಿಳೀಬೇಕು, ಹಾಗಾಗಿ ಚೈನಿಗಿಂತ ಕೂಲಿನೇ ಜಾಸ್ತಿ. ತುಂಡಾದ್ರೆ ವಾಲ್ವು ಪಿಸ್ಟನ್ನಿಗೆ ಬಡಿದು ಇಂಜಿನ್ನೇ ಹೋಯ್ತು. ಬೆಂಜ್ ಎಸ್ ಕ್ಲಾಸಲ್ಲಿ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲ ಇರುತ್ತೆ. ವಯಸ್ಸಾದ ರಬ್ಬರ್ ಬಿರುಕು ಬಿಟ್ಟು ಗಾಳಿ ಸೋರುತ್ತೆ, ಅದನ್ನ ತುಂಬೋಕೆ ಕಂಪ್ರೆಸರ್ ಸುಮ್ಮನೆ ಓಡ್ತಾನೇ ಇದ್ದು ಅದೂ ಸುಡುತ್ತೆ. ಒಂದು ಚೀಲ ಅಂತ ಬಿಟ್ರೆ ಎರಡು ಖರ್ಚು. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಜೀವಮಾನಕ್ಕೂ ಬದಲಾಯಿಸೋದೇ ಬೇಡ ಅಂತಾರಲ್ಲ, ನಂಬಬೇಡಿ. ಬಿಎಂಡಬ್ಲ್ಯುಗೆ ಗೇರ್‌ಬಾಕ್ಸ್ ಮಾಡಿಕೊಡೋ ಝಡ್‌ಎಫ್ ಕಂಪನಿನೇ 80,000ದಿಂದ 1,20,000 ಕಿ.ಮೀ. ಒಳಗೆ, ಇಲ್ಲಾ 8 ವರ್ಷಕ್ಕೆ ಬದಲಾಯಿಸಿ ಅನ್ನುತ್ತೆ. ಬ್ಯಾಟರಿ ಹಾಕಿದ್ರೂ ಎಷ್ಟೋ ಕಾರುಗಳಲ್ಲಿ ಕಂಪ್ಯೂಟರಿಗೆ ಹೊಸದು ಬಂತು ಅಂತ ದಾಖಲು ಮಾಡಿಸಬೇಕು. ನಮ್ಮ ಟ್ರ್ಯಾಕ್ಟರ್ ಥರ ಸ್ಪ್ಯಾನರ್ ಹಿಡಿದು ಬಗ್ಗೋದಲ್ಲ. ಇಲಿ ವೈರ್ ಕಡಿದ್ರಂತೂ ಕೇಳಲೇಬೇಡಿ, ಮನೇಲಿ ರಾಗಿ ಮೂಟೆ ಇಟ್ಟಿರೋರು ಎಚ್ಚರ.

ಇಷ್ಟಾದ್ರೂ ತಗೊಂಡೇ ತಗೋತೀನಿ ಅಂತೀರಾ? ಘಾಟಿ ಜಾತ್ರೇಲಿ ಎತ್ತು ಕೊಳ್ಳೋವಾಗ ಹಲ್ಲು ಎಣಿಸ್ತೀವಿ, ಸುಳಿ ನೋಡ್ತೀವಿ, ಗೊರಸು ಎತ್ತಿ ನೋಡ್ತೀವಿ, ನಾಲ್ಕು ಹೆಜ್ಜೆ ನಡೆಸ್ತೀವಿ. ಅದೇ ಜನ ಕಾರಿನ ಪಾಲಿಶ್ ನೋಡಿ ಅಡ್ವಾನ್ಸ್ ಕೊಟ್ಟು ಬರ್ತಾರೆ! ಬೆಳಿಗ್ಗೆನೇ ಹೋಗಿ, ಇಂಜಿನ್ ತಣ್ಣಗಿರಬೇಕು. ನೀವು ಬರೋ ಹೊತ್ತಿಗೆ ಸ್ಟಾರ್ಟ್ ಮಾಡಿ ಬಿಸಿ ಮಾಡಿ ಇಟ್ಟಿದ್ರೆ ಅನುಮಾನ ಪಡಿ. ರಾತ್ರಿ ಪೂರ್ತಿ ನಿಂತ ಕಾರು ಒಂದು ಮೂಲೆ ಕುಸಿದಿದ್ರೆ ಗಾಳಿ ಚೀಲ ಹೋಗಿದೆ. ಓಡಿಸಿ ನೋಡೋವಾಗ ಹಾಡು ಹಾಕ್ತಾನೆ ಬ್ರೋಕರ್, ಆರಿಸೋಕೆ ಹೇಳಿ. ಗೇರ್ ಬೀಳೋವಾಗ ಜರ್ಕ್ ಬಂದ್ರೆ ವಾಪಸ್ ಬನ್ನಿ. ಚಾಸಿ ನಂಬರ್ ಕೊಟ್ಟು ಕಂಪನಿ ಸರ್ವೀಸ್ ದಾಖಲೆ ತೆಗೆಸಿ, ಮೀಟರ್ ತಿರುಗಿಸಿದ್ರೆ ಅಲ್ಲೇ ಸಿಕ್ಕಿ ಬೀಳುತ್ತೆ. ಸ್ಕ್ಯಾನ್ ಮಾಡಿಸದೆ ಒಂದು ರೂಪಾಯೀನೂ ಕೊಡಬೇಡಿ.

ಇನ್ಶೂರೆನ್ಸ್ ಇದೆಯಲ್ಲ ಅಂತೀರಿ. ಇನ್ಶೂರೆನ್ಸ್ ಇರೋದು ಆಕ್ಸಿಡೆಂಟಿಗೆ, ಸವೆದ ಚೈನಿಗಲ್ಲ. ಆಕ್ಸಿಡೆಂಟಲ್ಲೂ ಸಾಮಾನ್ಯ ಪಾಲಿಸೀಲಿ ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿಗೆ ಅರ್ಧ ಕಡಿದೇ ಕೊಡೋದು.

ದೆಹಲಿ ಕಾರುಗಳದ್ದು ಇನ್ನೊಂದು ಕತೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡೀತು. ಅಲ್ಲಿಂದ ಇಂಥ ಕಾರುಗಳು ಕಡಿಮೆ ರೇಟಿಗೆ ನಮ್ಮ ಕಡೆ ಬರೋಕೆ ಶುರುವಾದ್ವು. ಎನ್‌ಒಸಿ ಕೈಗೆ ಬರದೆ ದುಡ್ಡು ಕೊಡಬೇಡಿ. ಇಲ್ಲಿ ಕೆಎ ನಂಬರ್ ಮಾಡಿಸೋವಾಗ ಜೀವಾವಧಿ ತೆರಿಗೆ ಕಟ್ಟಬೇಕು. ಅದನ್ನ ಲೆಕ್ಕ ಹಾಕೋದು ನೀವು ಕೊಟ್ಟ 6 ಲಕ್ಷದ ಮೇಲಲ್ಲ. ಕಾರು ಹೊಸದಿದ್ದಾಗಿನ ಬೆಲೆ ಹಿಡಿದು, ವಯಸ್ಸಿಗೆ ತಕ್ಕಷ್ಟು ಕಳೀತಾರೆ. ಮೊದಲೇ ಆರ್‌ಟಿಒದಲ್ಲಿ ಕೇಳಿ ತಿಳ್ಕೊಂಡು ಹೋಗಿ.

ಕಾರು ನೋಡಿ ಬಂದವರು ಆರ್‌ಸಿ, ಸ್ಕ್ಯಾನ್ ರಿಪೋರ್ಟ್ ಫೋಟೊ ಕಳಿಸಿ, ನಮ್ಮ ಹುಡುಗನಿಗೆ ತೋರಿಸಿ ಹೇಳ್ತೀನಿ. ನಾಳೆ ನಮ್ಮ ಹುಳ ನಾಲ್ಕನೇ ಜ್ವರದಿಂದ ಏಳ್ತಾವೆ, ಫೋನ್ ಮಾಡೋರು ಸಂಜೆ ಮೇಲೆ ಮಾಡಿ.