ಚಿನ್ನ ನಮ್ಮದು, ಚಿತ್ರ ಯಾರದು?

ಒಂದು ಊರಿನ ಹೆಸರು ನಾಡಿಗೆಲ್ಲ ತಿಳಿದಿದ್ದು, ಆ ಊರಿನ ಮಾತು ಮಾತ್ರ ಯಾರ ಕಿವಿಗೂ ಬೀಳದೆ ಉಳಿಯುವುದು ವಿಚಿತ್ರವಾದ ಕೀರ್ತಿ. ಕೋಲಾರದ ಚಿನ್ನದ ಗಣಿಗೆ ಒದಗಿರುವುದು ಇಂಥ ಕೀರ್ತಿಯೇ. 2018 ಮತ್ತು 2022ರಲ್ಲಿ ತೆರೆಕಂಡ ಪ್ರಶಾಂತ್ ನೀಲ್ ಅವರ ‘ಕೆ.ಜಿ.ಎಫ್.’ ಚಿತ್ರಗಳು ಈ ಮೂರಕ್ಷರಗಳನ್ನು ದೇಶದ ಮೂಲೆ ಮೂಲೆಗೂ ಮುಟ್ಟಿಸಿದವು. ಗಣಿಯ ಸಯನೈಡ್ ದಿಬ್ಬಗಳ ಮೇಲೆಯೇ ಚಿತ್ರೀಕರಣವೂ ನಡೆಯಿತು. ಆದರೆ ಕಥೆಯ ನರಾಚಿ ಕಲ್ಪನೆಯ ಸ್ಥಳ. ನಾಯಕ ಮುಂಬಯಿಯಿಂದ ಬಂದವನು. ಇದು ಸಿನಿಮಾದ ತಪ್ಪಲ್ಲ. ಕಥೆ ಕಟ್ಟುವುದು ಅದರ ಹಕ್ಕು. ನಮ್ಮ ಪ್ರಶ್ನೆ ಬೇರೆ. ಈ ಊರು ತನ್ನನ್ನು ತಾನು ಹೇಗೆ ಕಂಡುಕೊಂಡಿತೆಂದು ಕನ್ನಡಿಗರಾದ ನಾವು ಎಂದಾದರೂ ವಿಚಾರಿಸಿದೆವೆ?

ನಗರ ಸಂಸ್ಕೃತಿಯೆಂದರೆ ಬೆಂಗಳೂರೊಂದೇ ಎಂದು ಎಣಿಸುವುದು ನಮಗೆ ರೂಢಿ. ಆದರೆ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ಈ ಗಣಿಗಳಿಗೆ. ಬೆಂಗಳೂರಿನ ಬೀದಿಗಳು ಬೆಳಗಿದ್ದು 1905ರಲ್ಲಿ. ಜಾನ್ ಟೇಲರ್ ಕಂಪನಿ 1880ರಲ್ಲಿ ಕಾಲಿಟ್ಟ ಮೇಲೆ ಉತ್ತರ ಆರ್ಕಾಟಿನಿಂದ ತಮಿಳರು, ಚಿತ್ತೂರಿನ ಕಡೆಯಿಂದ ತೆಲುಗರು ಬಂದರು. ಆಂಗ್ಲೋ ಇಂಡಿಯನ್ನರು, ಇಂಗ್ಲಿಷ್ ಅಧಿಕಾರಿಗಳು ನೆಲೆಸಿದರು. ಕ್ಲಬ್ಬಿನಲ್ಲಿ ಪಾಶ್ಚಾತ್ಯ ಸಂಗೀತ ನಡೆದರೆ, ಕೂಲಿಕಾರರ ಲೈನುಗಳಲ್ಲಿ ತಮಟೆ ಮೊಳಗಿತು, ನಾಟಕಗಳು ನಡೆದವು. ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಅಯೋತಿದಾಸರ ಬೌದ್ಧ ಸಂಘದ ಶಾಖೆಗಳಿದ್ದವು. 1914ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಬರಹಗಳು ಅಚ್ಚಾಗಿ ಹೊರಬಂದದ್ದೂ ಈ ಊರಿನಿಂದಲೇ. ದಿನವೂ ಪಾತಾಳಕ್ಕಿಳಿದು ಮೇಲೆ ಬಂದ ಜನ ಓದಿದರು, ಹಾಡಿದರು, ಕುಣಿದರು. ಇದು ಕಲೆಯಲ್ಲದೆ ಮತ್ತೇನು?

ಆದರೆ ಇದಾವುದೂ ಕನ್ನಡದಲ್ಲಿ ಇರಲಿಲ್ಲ. ‘ಅದು ತಮಿಳರ ಊರು’ ಎಂದೊಂದು ಮಾತು ಹೇಳಿ ನಾವು ಪುಸ್ತಕ ಮುಚ್ಚಿದೆವು. ನೂರಿಪ್ಪತ್ತು ವರ್ಷಗಳಲ್ಲಿ ತೆಗೆದ ಸುಮಾರು 800 ಟನ್ ಚಿನ್ನವನ್ನು ಲೆಕ್ಕ ಹಾಕುವಾಗ ಮಾತ್ರ ‘ಚಿನ್ನದ ನಾಡು’ ಎಂಬ ಹೆಮ್ಮೆ ನಮ್ಮದಾಯಿತು! ಚಿನ್ನಕ್ಕೆ ಕೇಳದ ಭಾಷೆಯನ್ನು ಹಾಡಿಗೆ ಕೇಳಿದೆವು.

ಆ ಊರಿನಲ್ಲಿ ಕನ್ನಡವೇ ಮೂಲೆಗುಂಪಾಗಿತ್ತಲ್ಲವೆ ಎಂದು ಯಾರಾದರೂ ಕೇಳಬಹುದು. ಆ ನೋವು ಸುಳ್ಳಲ್ಲ. ಆದರೆ ಮನೆಮಾತು ತಮಿಳಾಗಿದ್ದ ಮಾಸ್ತಿಯವರು ಇದೇ ಕೋಲಾರ ಜಿಲ್ಲೆಯ ಮಣ್ಣಿನವರು. ನೆರೆಮಾತನ್ನು ಎದೆಗೆ ಹಚ್ಚಿಕೊಂಡ ಕನ್ನಡ ಬೆಳೆಯಿತೇ ಹೊರತು ಬಡವಾಗಲಿಲ್ಲ. ಗಣಿಯವರ ಪೂರ್ವಿಕರ ಕಥೆಯನ್ನು ಪಾ. ರಂಜಿತ್ ಅವರ ‘ತಂಗಲಾನ್’ 2024ರಲ್ಲಿ ತಮಿಳಿನಲ್ಲಿ ಹೇಳಿತು. ನಮ್ಮ ನೆಲದ ಕಥೆಯನ್ನು ನಾವು ಆಲಿಸುವ ಮೊದಲೇ ನೆರೆಯವರು ಆಲಿಸಿದರೆಂಬುದು ನಾಚಿಕೆಯ ಮಾತಲ್ಲದಿದ್ದರೂ ಯೋಚನೆಯ ಮಾತು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ಊರಿನ ದುಡಿಮೆ ಹಳಿಯ ಮೇಲೆ ಸಾಗಿದೆ. ಬೆಳಗಿನ ರೈಲುಗಳು ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೇಲೆ ಹಾದು ಜನರನ್ನು ಬೆಂಗಳೂರಿಗೆ ಒಯ್ಯುತ್ತವೆ. ರಾತ್ರಿ ಮರಳಿ ತರುತ್ತವೆ. ಕುಂಚ ಹಿಡಿಯುವ ಕೈಯೂ ಆ ರೈಲನ್ನೇ ಹಿಡಿಯಬೇಕು. ರಾಜಧಾನಿಯಲ್ಲಿ 2003ರಿಂದ ಚಿತ್ರಸಂತೆ ನಡೆಯುತ್ತಿದೆ. 2015ರಲ್ಲಿ ಬಾದಲ್ ನಂಜುಂಡಸ್ವಾಮಿಯವರು ಅಲ್ಲಿಯ ರಸ್ತೆಯ ಹೊಂಡವೊಂದರಲ್ಲಿ ಮೊಸಳೆಯನ್ನು ಇರಿಸಿದಾಗ ನಾಡೇ ತಿರುಗಿ ನೋಡಿತು. ಬೀದಿಯ ಕಲೆಗೆ ದೊಡ್ಡ ಮಂದಿರ ಬೇಡ. ತನ್ನ ಜನ ನಿಂತು ನೋಡುವ ಒಂದು ಬೀದಿ ಸಾಕು. ಆ ಬೀದಿ ಚಾಂಪಿಯನ್ ರೀಫಿನಲ್ಲಿ ಏಕಿರಬಾರದು?

ಈ ಕೆಲಸಕ್ಕೆ ಕಾಲ ಬಹಳವಿಲ್ಲ. ಹದಿಮೂರು ದಿಬ್ಬಗಳಿಂದ ಅಳಿದುಳಿದ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿತು. ದಿಬ್ಬಗಳು ಹೋದರೆ ಅಳಬೇಕಾಗಿಲ್ಲ. ಅವುಗಳ ಧೂಳನ್ನು ಉಸಿರಾಡಿದವರಿಗೆ ಅವು ಬರಿಯ ಸೊಬಗಿನ ನೋಟವಲ್ಲ. ಆದರೆ ಹೋಗುವ ಮೊದಲು ಅವುಗಳನ್ನು ಅಲ್ಲಿನವರೇ ಬರೆದಿಡಲಿ. ಬಂಗಾರಪೇಟೆಯ ನಿಲ್ದಾಣದ ಗೋಡೆಯೊಂದನ್ನು ಅವರಿಗೆ ಬಿಟ್ಟುಕೊಡಬಹುದು. ಶಾಲೆಯ ಮಕ್ಕಳು ತಾತಂದಿರು ಇಳಿದ ಸುರಂಗವನ್ನು ಕೇಳಿ ತಿಳಿದು ಚಿತ್ರಿಸಬಹುದು. ಕೋಲಾರದ ಬಳಿ ತೇರಹಳ್ಳಿ ಬೆಟ್ಟದಲ್ಲಿ ಕೋಟಿಗಾನಹಳ್ಳಿ ರಾಮಯ್ಯನವರು ಕಟ್ಟಿದ ‘ಆದಿಮ’ ಹುಣ್ಣಿಮೆಯ ಬೆಳಕಿನಲ್ಲಿ ಹಾಡು, ನಾಟಕಗಳಿಗೆ ಜನರನ್ನು ಕಲೆಹಾಕಿತು. ಸಿರಿವಂತಿಕೆ ಇಲ್ಲದೆಯೂ ಕಲೆಗೆ ಮನೆ ಕಟ್ಟಬಹುದೆಂಬುದಕ್ಕೆ ಈ ಜಿಲ್ಲೆಯಲ್ಲಿಯೇ ಸಾಕ್ಷಿಯಿದೆ.

ಗೋಡೆಯ ಮೇಲಿನ ಅಕ್ಷರ ತಮಿಳೋ ತೆಲುಗೋ ಉರ್ದುವೋ ಆಗಿರಬಹುದು. ಇರಲಿ. ಅದರ ಮುಂದೆ ನಿಂತು ‘ಇದೂ ನಮ್ಮದು’ ಎಂದು ಕನ್ನಡದಲ್ಲಿ ಹೇಳುವವರು ಬೇಕು. ಆ ಮಾತನ್ನು ಹೇಳಬೇಕಾದವರು ನಾವು.