ಗಡಿಯಾರದ ಬೆನ್ನ ಮೇಲಿನ ಮಾತು

ಗುಂಡಿ ಒತ್ತಿದರೆ ಓಡುವ, ಮತ್ತೆ ಒತ್ತಿದರೆ ನಿಲ್ಲುವ ಸೆಕೆಂಡಿನ ಮುಳ್ಳಿರುವ ಕೈಗಡಿಯಾರವನ್ನು ನೀವು ನೋಡಿರಬಹುದು. ಅದರ ಹೆಸರು ಕ್ರೋನೋಗ್ರಾಫ್. ಗ್ರೀಕ್ ಮೂಲದ ಈ ಪದಕ್ಕೆ ‘ಸಮಯ ಬರೆಯುವುದು’ ಎಂದರ್ಥ. 1821ರಲ್ಲಿ ಪ್ಯಾರಿಸ್ಸಿನ ಕುದುರೆ ಓಟದಲ್ಲಿ ನಿಕೊಲಾ ರಿಯುಸೆಕ್ ಬಳಸಿದ ಯಂತ್ರ ನಿಜವಾಗಿಯೂ ಬರೆಯುತ್ತಿತ್ತು. ಕುದುರೆ ಗುರಿ ಮುಟ್ಟಿದ ಕ್ಷಣ ಒತ್ತಿದರೆ ಅದರ ಬಿಲ್ಲೆಯ ಮೇಲೆ ಶಾಯಿಯ ಚುಕ್ಕೆ ಬೀಳುತ್ತಿತ್ತು.

ಮುಂದೆ ಕುದುರೆಗಳ ಜಾಗಕ್ಕೆ ಕಾರುಗಳು ಬಂದವು. 1963ರಲ್ಲಿ ರೋಲೆಕ್ಸ್ ಕಂಪೆನಿ ಕಾರು ಓಟಗಾರರಿಗಾಗಿ ತಂದ ಕ್ರೋನೋಗ್ರಾಫ್‌ಗೆ, ಓಟಕ್ಕೆ ಹೆಸರಾದ ಅಮೆರಿಕದ ಡೇಟೋನಾ ಊರಿನ ಹೆಸರೇ ನಿಂತಿತು. ಹಾಲಿವುಡ್ ನಟ ಪಾಲ್ ನ್ಯೂಮನ್‌ಗೆ ಕಾರು ಓಟದ ಹುಚ್ಚು. ಪತ್ನಿ ಜೋನ್ ವುಡ್‌ವರ್ಡ್ ಅವರಿಗೆ ಒಂದು ಡೇಟೋನಾ ಉಡುಗೊರೆ ಕೊಟ್ಟರು. ಅದರ ಹಿಂಬದಿಯಲ್ಲಿ ಕೆತ್ತಿಸಿದ ಮಾತಿನ ಅರ್ಥ ಇಷ್ಟೇ: ‘ಜೋಪಾನವಾಗಿ ಓಡಿಸಿ. ಇಂತಿ, ನಾನು.’

2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಆ ಉಕ್ಕಿನ ಗಡಿಯಾರ 1 ಕೋಟಿ 77 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಅದೇ ಮಾದರಿಯ ಬೇರೆ ಗಡಿಯಾರಗಳಿಗೆ ಅಷ್ಟು ಬೆಲೆ ಬಂದಿಲ್ಲ. ಮುಂಬದಿ ಲೆಕ್ಕ ಹಾಕುವುದು ವೇಗವನ್ನು. ಹಿಂಬದಿ ನೆನಪಿಸುವುದು ಮನೆಯಲ್ಲಿ ಕಾಯುತ್ತಿರುವವರನ್ನು.

ನಿಮ್ಮ ಮಗನೋ ಪತಿಯೋ ಬೈಕಿನ ಕೀಲಿಕೈ ಎತ್ತಿಕೊಂಡಾಗ ಇದೇ ಮಾತನ್ನು ಹೇಳಿ ನೋಡಿ. ಅದಕ್ಕೆ ಖರ್ಚೇನೂ ಇಲ್ಲ.